ಆಗಿನ ಅಮೆರಿಕದ ನಾಯಕರು ದೊಡ್ಡ ಮನುಷ್ಯರು, ಅಲ್ವಾ?

"ಅಮೆರಿಕದ ಹಳೇ ಇತಿಹಾಸ ಓದ್ತೀರಲ್ಲ, ಆಗಿನ ನಾಯಕರು ಎಷ್ಟು ದೊಡ್ಡ ಮನುಷ್ಯರು ಅಲ್ವಾ? ಅಲ್ಲಿನ ರಾಜಕೀಯ ಇಷ್ಟು ಕೆಟ್ಟಿದ್ದು ಯಾವಾಗಿಂದ?" ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಯಾವಾಗಿಂದ ಅಂತ ಕೇಳುವವರು ಮೊದಲು ಎಲ್ಲ ಚೆನ್ನಾಗಿತ್ತು ಅಂತ ತಾವೇ ತೀರ್ಮಾನ ಮಾಡಿರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ. ಮೊದಲ ಅಧ್ಯಕ್ಷ ವಾಷಿಂಗ್ಟನ್ ಅಧಿಕಾರ ಬಿಟ್ಟಿದ್ದು 1797ರಲ್ಲಿ. 1798ರಲ್ಲೇ ಸರ್ಕಾರವನ್ನು ಬೈದು ಬರೆದವರನ್ನು ಜೈಲಿಗೆ ಹಾಕುವ ಸೆಡಿಷನ್ ಕಾಯ್ದೆ ಬಂತು. ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್ ಅಧ್ಯಕ್ಷ ಆಡಮ್ಸ್ ಅವರನ್ನು ಟೀಕಿಸಿ ಬರೆದದ್ದಕ್ಕೆ ನಾಲ್ಕು ತಿಂಗಳು ಜೈಲು, 1,000 ಡಾಲರ್ ದಂಡ. ಜನ ಏನು ಮಾಡಿದರು ಗೊತ್ತಾ? ಜೈಲಲ್ಲಿದ್ದವನನ್ನೇ ಮತ್ತೆ ಗೆಲ್ಲಿಸಿದರು.

ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು, "ಆಗೆಲ್ಲ ಪಾರ್ಟಿ ಗೀರ್ಟಿ ಜಗಳ ಇರಲಿಲ್ಲ ಬಿಡಪ್ಪ" ಅಂದರು. ನಾನು 1800ರ ಚುನಾವಣೆಯ ಕಥೆ ಶುರು ಮಾಡಿದೆ. ಸಾರಿಗೆ ಶುರುವಾದ ಮಾತು ಮಜ್ಜಿಗೆಗೂ ಮುಗಿಯಲಿಲ್ಲ.

ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯದಿಂದ ನೇಮಕವಾಗುವವರೇ ಎಲೆಕ್ಟರ್‌ಗಳು. ಆಗ ಪ್ರತಿ ಎಲೆಕ್ಟರ್‌ಗೆ ಎರಡು ಮತ. ಅಧ್ಯಕ್ಷರಿಗೆ ಯಾವುದು, ಉಪಾಧ್ಯಕ್ಷರಿಗೆ ಯಾವುದು ಅಂತ ಬೇರೆ ಮಾಡುವ ಹಾಗಿರಲಿಲ್ಲ. ಹಾಗಾಗಿ ಒಂದೇ ಪಕ್ಷದ ಜೆಫರ್ಸನ್, ಬರ್ ಇಬ್ಬರಿಗೂ ತಲಾ 73 ಬಂತು. ಆಡಮ್ಸ್‌ಗೆ 65. ತೀರ್ಮಾನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದು ಮತ, 16 ರಾಜ್ಯಗಳಲ್ಲಿ 9 ಬೇಕು. ಸೋತ ಫೆಡರಲಿಸ್ಟರು, ಅಂದರೆ ಆಡಮ್ಸ್ ಪಕ್ಷದವರು, ಜೆಫರ್ಸನ್ ಮೇಲಿನ ದ್ವೇಷಕ್ಕೆ ಬರ್ ಪರ ನಿಂತರು. ಯಾರಿಗೂ 9 ಸಿಗದೆ ಸುತ್ತಿನ ಮೇಲೆ ಸುತ್ತು ಮತದಾನ ನಡೆಯಿತು.

1801ರ ಫೆಬ್ರವರಿ. ಹಿಮ ಬೀಳುತ್ತಿದೆ. ಜೆಫರ್ಸನ್ ಪರ ಇದ್ದ ಮೇರಿಲ್ಯಾಂಡ್‌ನ ಸಂಸದ ಜೋಸೆಫ್ ನಿಕಲ್ಸನ್‌ಗೆ ಮೈ ಸುಡುವ ಜ್ವರ. ಆತ ಬರದಿದ್ದರೆ ಆ ರಾಜ್ಯದ ಮತ ಬರ್ ಪಾಲಿಗೆ. ಹಾಸಿಗೆ ಸಮೇತ ಹೊತ್ತುಕೊಂಡು ಬಂದು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಹೆಂಡತಿ ಪಕ್ಕದಲ್ಲೇ ಇದ್ದರು. ಮಲಗಿದಲ್ಲೇ ಮತ ಬರೆದುಕೊಟ್ಟರು. ಮುಗಿದದ್ದು 36ನೇ ಸುತ್ತಿನಲ್ಲಿ, ಫೆಬ್ರವರಿ 17ಕ್ಕೆ. ಕೆಲವು ಫೆಡರಲಿಸ್ಟರು ಮತ ಹಾಕದೆ ಹಿಂದೆ ಸರಿದರು, ಜೆಫರ್ಸನ್ ಗೆದ್ದರು. ವರ್ಮಾಂಟ್‌ನ ಮತವನ್ನು ಜೆಫರ್ಸನ್‌ಗೆ ಹಾಕಿದ್ದು ಯಾರು? ಅದೇ ಜೈಲಿಗೆ ಹೋಗಿದ್ದ ಲಯನ್.

ಇಷ್ಟು ಹೇಳಿದ ಮೇಲೂ "ಪಾಪ, ಆಡಮ್ಸ್ ಒಳ್ಳೆಯವರಾ, ಜೆಫರ್ಸನ್ ಒಳ್ಳೆಯವರಾ?" ಅಂತಲೇ ಕೇಳುತ್ತಾರೆ. ಆ 73 ಎಲ್ಲಿಂದ ಬಂತು ಅಂತ ಒಬ್ಬರಾದರೂ ಕೇಳಬಾರದೇ? ಸಂವಿಧಾನದ ಪ್ರಕಾರ ಒಬ್ಬ ಗುಲಾಮನನ್ನು ಐದರಲ್ಲಿ ಮೂರು ಪಾಲು ಅಂತ ಎಣಿಸುತ್ತಿದ್ದರು. ಅವರಿಗೆ ಮತವಿಲ್ಲ, ಆದರೆ ಅವರ ತಲೆ ಎಣಿಸಿ ಯಜಮಾನರ ರಾಜ್ಯಕ್ಕೆ ಎಲೆಕ್ಟರ್‌ಗಳು ಜಾಸ್ತಿ ಸಿಗುತ್ತಿದ್ದರು. ಆ ಲೆಕ್ಕ ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರು ಅಂತ ಇತಿಹಾಸಕಾರರು ತೋರಿಸಿದ್ದಾರೆ. ವರ್ಜೀನಿಯಾದ 21 ಮತವೂ ಜೆಫರ್ಸನ್‌ಗೇ ಬಿತ್ತು. ಆ 21ರ ಎಣಿಕೆಯಲ್ಲಿ ವರ್ಜೀನಿಯಾದಲ್ಲೇ ಇದ್ದ ಮಾಂಟಿಚೆಲೊ ಎಂಬ ಜೆಫರ್ಸನ್ ಅವರದೇ ಎಸ್ಟೇಟಿನ ಹೊಲದಲ್ಲಿ ದುಡಿಯುತ್ತಿದ್ದ ಗುಲಾಮರೂ ಇದ್ದರು.