ಬಡಿಸಲು ಹೊರಟ ಮಗ

ಪ್ಲಸ್ ವನ್ (ಹನ್ನೊಂದನೇ ತರಗತಿ) ಪರೀಕ್ಷೆ ಮುಗಿದ ವಾರವೇ ಮಗ ಕೇಟರಿಂಗ್‌ಗೆ ಹೋಗುತ್ತೇನೆಂದು ಹಟ ಹಿಡಿದ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಕುಂಬಳೆ ಕಡೆ ಇದೇನೂ ಹೊಸತಲ್ಲ. ಮದುವೆ ಸೀಸನ್ ಬಂತೆಂದರೆ ಬಡಿಸಲು ಎಷ್ಟು ಹುಡುಗರಿದ್ದರೂ ಸಾಲದು. ಒಂದೇ ಬಣ್ಣದ ಟೀಶರ್ಟು, ತಲೆಗೊಂದು ಟೊಪ್ಪಿ, ಮದುವೆಯೊಂದಕ್ಕೆ 600 ರೂಪಾಯಿ, ಮೇಲೆ ಹೊಟ್ಟೆ ತುಂಬ ಊಟ. ಇವನಿಗೆ ಫುಟ್‌ಬಾಲ್ ಬೂಟು ಬೇಕಿತ್ತು.

ಇವರು, ಮಗನ ಅಪ್ಪ, ಕೂಡಲೇ ಒಪ್ಪಿದರು. ನಾಲ್ಕು ಜನರೊಟ್ಟಿಗೆ ಬೆರೆಯಲಿ, ದುಡ್ಡಿನ ಬೆಲೆ ತಿಳಿಯಲಿ ಎಂದು. ಬಡಿಸುವ ಕೆಲಸದ ಬಗ್ಗೆ ನನಗೂ ತಕರಾರಿರಲಿಲ್ಲ. ಯಾರು ಕರಕೊಂಡು ಹೋಗುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಯಾವ ಗಾಡಿಯಲ್ಲಿ? ಇದಕ್ಕೆಲ್ಲ ಮಗನಲ್ಲಿದ್ದದ್ದು ಒಂದೇ ಉತ್ತರ: "ಎಲ್ಲರೂ ಹೋಗ್ತಾರಲ್ಲ ಅಮ್ಮ."

ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಮಾವ ತಲೆ ಎತ್ತದೆಯೇ ಕೇಳಿದರು: "ಕಳೆದ ವರ್ಷ ತೋಟಕ್ಕೆ ಮದ್ದು ಬಿಡುವಾಗ ಮೈಲುತುತ್ತು ಕಲಸಿದ್ದು ಇವನೇ ಅಲ್ಲವಾ? ಆಗ ಇಷ್ಟೆಲ್ಲ ವಿಚಾರಣೆ ಇರಲಿಲ್ಲ." ಮಾತು ನ್ಯಾಯದ್ದೇ. ನಾವು ಎಣ್ಮಕಜೆ ಪಂಚಾಯತಿನವರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಾನುವರ್ಷ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡವರು, ಅದರ ಫಲ ಉಂಡವರನ್ನು ದಿನಾ ನೋಡುವವರು. ಮೈಲುತುತ್ತು (ತಾಮ್ರದ ಸಲ್ಫೇಟು) ಅದಲ್ಲ, ನಿಜ. ಆದರೂ ಕಣ್ಣಿಗೆ ಹಾರಿದರೆ ಉರಿ ಉರಿಯೇ. ಮನೆಯ ತೋಟದ್ದನ್ನು ನಾವು ಕೆಲಸವೆಂದೇ ಲೆಕ್ಕ ಹಿಡಿಯುವುದಿಲ್ಲ, ಅಷ್ಟೆ.

ಕಾನೂನು ಏನು ಹೇಳುತ್ತದೆಂದೂ ನೋಡಿದೆ. 14 ತುಂಬದ ಮಕ್ಕಳನ್ನು ಹೊರಗಿನ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಗಣಿ, ಸ್ಫೋಟಕದಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಇದು 2016ರ ತಿದ್ದುಪಡಿ. ಉಳಿದ ಕೆಲಸಕ್ಕೂ ಹೊತ್ತಿನ ಮಿತಿ ಉಂಟು. ಮೂರು ಗಂಟೆ ದುಡಿದರೆ ಒಂದು ಗಂಟೆ ಬಿಡುವು, ಕಾಯಿಸಿದ ಹೊತ್ತೂ ಸೇರಿ ದಿನಕ್ಕೆ ಆರು ಗಂಟೆ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಲೇಬಾರದು. ನಮ್ಮಲ್ಲಿ ಎಷ್ಟೋ ರಿಸೆಪ್ಶನ್ ಶುರುವಾಗುವುದೇ ಏಳಕ್ಕೆ! ಹುಡುಗರಿಗೆ ದುಡ್ಡು ಹೆಚ್ಚು ಸಿಗುವುದೂ ಅಲ್ಲೇ.

ಕಂಡು ಬರೋಣವೆಂದು ಹೆದ್ದಾರಿ ಬದಿಯ ಒಂದು ಆಡಿಟೋರಿಯಮ್ಮಿಗೆ ಹೋದೆ. ಮುಂದೆ ಹೂವಿನ ಕಮಾನು, ಹಿಂದೆ ಅಡುಗೆಯವರ ರಾಜ್ಯ. ಟೈಲ್ಸ್ ನೆಲದ ಮೇಲೆ ಗಂಜಿನೀರು ಹರಿದು ಜಾರುತ್ತಿತ್ತು. ಹುಡುಗರ ಕಾಲಲ್ಲಿ ಹವಾಯಿ ಚಪ್ಪಲಿ, ಒಬ್ಬನದು ಹಿಮ್ಮಡಿಯ ಹತ್ತಿರ ಸವೆದು ಕಾಗದದಷ್ಟಾಗಿತ್ತು. ಕೇಟರಿಂಗಿನ ಸೂಪರ್‌ವೈಸರ್ ಮರ್ಯಾದೆಯಿಂದಲೇ ಮಾತಾಡಿದರು: "ಬಿಸಿ ಪಾತ್ರೆ ಮಕ್ಕಳ ಕೈಗೆ ಕೊಡುವುದೇ ಇಲ್ಲ ಅಕ್ಕ." ಅವರ ಬೆನ್ನ ಹಿಂದೆ ಇಬ್ಬರು ಹುಡುಗರು ಗೋಣಿತುಂಡು ಹಿಡಿದು ಕುದಿಯುವ ಸಾಂಬಾರಿನ ಹಂಡೆಯನ್ನು ಓರೆಯಾಗಿ ನಡೆಯುತ್ತಾ ಸಾಗಿಸುತ್ತಿದ್ದರು. ನನ್ನ ಕಣ್ಣು ಹೋದ ಕಡೆ ಅವರೂ ತಿರುಗಿ ನೋಡಿದರು, ಆಮೇಲೆ ಯಾರನ್ನೋ ಜೋರಾಗಿ ಕರೆದರು. ಮನುಷ್ಯ ಕೆಟ್ಟವರಲ್ಲ. ಆದರೆ ಎರಡನೇ ಪಂಕ್ತಿಗೆ ಜನ ನುಗ್ಗಿದಾಗ ಯಾವ ನಿಯಮ ಉಳಿಯುತ್ತದೆ?

ಮನೆಗೆ ಬಂದು ಷರತ್ತು ಹಾಕಿದೆ. ಹಗಲಿನ ಮದುವೆ ಮಾತ್ರ. ಹಂಡೆ ಮುಟ್ಟಬಾರದು. ಶೂ ಹಾಕಿಯೇ ಹೋಗಬೇಕು. ಬಸ್ಸಿಲ್ಲದಿದ್ದರೆ ಅಪ್ಪ ಬರುತ್ತಾರೆ. ಗೆಳೆಯನ ಸ್ಕೂಟರಿನಲ್ಲಿ ಮೂರನೆಯವನಾಗಿ ಕೂರುವಂತಿಲ್ಲ. ಸ್ಕೂಟರ್ ತಾನೇ ಒಯ್ಯುತ್ತೇನೆಂದ. 18 ತುಂಬದ, ಲೈಸನ್ಸಿಲ್ಲದ ಮಗನಿಗೆ ಗಾಡಿ ಕೊಟ್ಟರೆ 25,000 ರೂಪಾಯಿ ದಂಡವಲ್ಲದೆ ಮೂರು ವರ್ಷದವರೆಗೆ ಜೈಲೂ ಆಗಬಹುದೆಂದು ಇವರೇ ಹೇಳಿದ ಮೇಲೆ ಸುಮ್ಮನಾದ.

ಕಷ್ಟದ ಮಾತು ಇನ್ನೊಂದಿತ್ತು. "ದೊಡ್ಡವರು ಯಾರಾದರೂ ತಮಾಷೆಯೆಂದು ಮೈಮುಟ್ಟಿದರೆ, ಕುಡಿಯಲು ಏನಾದರೂ ಕೊಟ್ಟರೆ, ಸಂಬಳ ಬಿಟ್ಟು ಬಂದುಬಿಡು. ನಾವು ಬೈಯುವುದಿಲ್ಲ" ಎಂದೆ. ಫೋನಿನಲ್ಲಿ ಮಕ್ಕಳ ಸಹಾಯವಾಣಿ 1098 ಹಾಕಿಕೊಟ್ಟೆ. ಮಗ ನೆಲ ನೋಡಿದ. ಇವರು ದನಕ್ಕೆ ಹುಲ್ಲು ಹಾಕುವ ನೆಪದಲ್ಲಿ ಎದ್ದುಹೋದರು. ಆಮೇಲೆ ಮೆಲ್ಲನೆ ಕೇಳಿದರು, "ಗಂಡು ಹುಡುಗರಿಗೂ ಇದೆಲ್ಲ ಹೇಳಬೇಕಾ?" ಹೇಳಲೇಬೇಕು ಅಂದೆ. ಹೆಣ್ಣುಮಕ್ಕಳಿಗಾದರೆ ಅತ್ತೆ, ಚಿಕ್ಕಮ್ಮ ಯಾರಾದರೂ ಕಿವಿಯಲ್ಲಿ ಊದಿರುತ್ತಾರೆ. ಗಂಡು ಹುಡುಗರಿಗೆ ಯಾರೂ ಇಲ್ಲ.

ಈಗ ಮಗ ಹೋಗುತ್ತಾನೆ, ಆದರೆ ಕರೆ ಬರುವುದು ಅಪರೂಪ. ಹಗಲಿನ ಮದುವೆಗೆ ಕಾಲೇಜು ಹುಡುಗರು ಬೇಕಾದಷ್ಟಿದ್ದಾರೆ; ರಾತ್ರಿಗೆ ಬಾರದವನನ್ನು ಸೂಪರ್‌ವೈಸರ್ ಎಂತಕ್ಕೆ ಮೊದಲು ಕರೆಯುತ್ತಾರೆ? ಮೊನ್ನೆ 900 ರೂಪಾಯಿಯ ರಿಸೆಪ್ಶನ್ ಒಂದು ತಪ್ಪಿತೆಂದು ಊಟಕ್ಕೆ ಬರದೆ ಮುನಿಸಿಕೊಂಡಿದ್ದ. ಬೂಟಿಗೆ ಇನ್ನೂ ದುಡ್ಡು ಸಾಲುವುದಿಲ್ಲ. ಉಳಿದದ್ದನ್ನು ಕೊಟ್ಟುಬಿಡುವ ಅನ್ನುತ್ತಾರೆ ಮಾವ, ನಾನು ಬೇಡವೆಂದಿದ್ದೇನೆ. ಅಡಿಕೆ ಸುಲಿದರೆ ಕೆಜಿ ಲೆಕ್ಕದಲ್ಲಿ ಹೊರಗಿನವರಿಗೆ ಕೊಡುವ ಕೂಲಿಯನ್ನೇ ಅವನಿಗೂ ಕೊಡಿ ಎಂದು ಹೇಳಿದ್ದೇನೆ. ಮಾವ ಯೋಚನೆ ಮಾಡುತ್ತಿದ್ದಾರೆ.