ಹುಳದ ಕ್ರೋಮೋಸೋಮ್ ನೋಡಿ ಏನು ಸಿಗುತ್ತೆ?

ದಾವಣಗೆರೆ ಹತ್ತಿರದ ನಮ್ಮೂರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. "ಮನುಷ್ಯರ ಕಾಯಿಲೆ ಬಿಟ್ಟು ಆ ಹುಳದಾಗ ಏನೈತೆ ಅಂತ ನೋಡ್ತೀಯವ್ವಾ?" ಅನ್ನುವುದು ನಮ್ಮ ದೊಡ್ಡಪ್ಪನ ಮಾತು. ಕಾಲೇಜಿನ ಹುಡುಗಿಯರು ಅದನ್ನೇ ಸ್ವಲ್ಪ ನಾಜೂಕಾಗಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪೂರ್ತಿ ಉತ್ತರ ಇಲ್ಲಿದೆ.

ಅಂಡಾಣು ತಯಾರಾಗುವಾಗ ಕ್ರೋಮೋಸೋಮ್‌ಗಳು, ಅಂದರೆ ಕೋಶದೊಳಗೆ ವಂಶಗುಣ ಹೊತ್ತ ಡಿಎನ್‌ಎ ಎಳೆಗಳು, ಹೇಗೆ ಹಂಚಿಕೆಯಾಗುತ್ತವೆ ಅನ್ನುವುದು ನನ್ನ ಕೆಲಸ. ನಮಗೆ 23 ಜೊತೆ ಕ್ರೋಮೋಸೋಮ್ ಇವೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪನದು, ಒಂದು ಅಮ್ಮನದು. ಅಂಡಾಣುವಿಗಾಗಲಿ ವೀರ್ಯಾಣುವಿಗಾಗಲಿ ಜೊತೆಗೊಂದರಂತೆ ಮಾತ್ರ ಹೋಗಬೇಕು. ಈ ಹಂಚಿಕೆಯೇ ಮಿಯಾಸಿಸ್. ಪಿಯುಸಿಯಲ್ಲಿ ಚಿತ್ರ ಬರೆದಿರುತ್ತೀರಿ: ಜೊತೆಯ ಎರಡು ಕ್ರೋಮೋಸೋಮ್‌ಗಳು ಒಂದನ್ನೊಂದು ದಾಟಿ ತುಂಡು ಬದಲಾಯಿಸಿಕೊಳ್ಳುತ್ತವೆ, ಅಲ್ವಾ? ಅದು ಕ್ರಾಸ್‌ಓವರ್.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಕೊಟ್ಟವರು ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮ್ಯಾಕ್ಲಿಂಟಾಕ್, 1931ರಲ್ಲಿ. ಅವರು ನೋಡಿದ್ದು ಮೆಕ್ಕೆಜೋಳವನ್ನು, ನಮ್ಮ ಜಿಲ್ಲೆಯ ಹೊಲದಲ್ಲೆಲ್ಲ ಇರುವ ಅದೇ ಮೆಕ್ಕೆಜೋಳ! ಅವರು ಆರಿಸಿಕೊಂಡ ಗಿಡದಲ್ಲಿ ಒಂದು ಕ್ರೋಮೋಸೋಮಿನ ಒಂದು ತುದಿಯಲ್ಲಿ ಗಂಟಿನಂಥ ಗುರುತಿತ್ತು, ಇನ್ನೊಂದು ಕಡೆ ಬೇರೆ ಕ್ರೋಮೋಸೋಮಿನ ತುಂಡು ಅಂಟಿಕೊಂಡಿತ್ತು. ಕಾಳಿನ ಬಣ್ಣ ಮತ್ತು ಹಿಟ್ಟಿನ ಗುಣ ಅದಲುಬದಲಾದಾಗ ಈ ಗುರುತುಗಳೂ ಅದಲುಬದಲಾಗಿದ್ದವು. ಇದನ್ನು ಹೇಳಿದಾಗ ದೊಡ್ಡಪ್ಪ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಕ್ರಾಸ್‌ಓವರ್ ಇರುವುದು ಗುಣಗಳ ಬೆರಕೆಗೆ ಅಂತ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಕೆಲಸ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನನಗೆ ಅದೇ ದೊಡ್ಡದು. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಒಂದೇ ಹಗ್ಗ ಹಿಡಿದರೆ ತಾನೇ ಹಗ್ಗ ಬಿಗಿಯಾಗುವುದು? ಕ್ರಾಸ್‌ಓವರ್ ಆ ಜೊತೆಯನ್ನು ಹಾಗೆ ಒಟ್ಟಿಗೆ ಹಿಡಿದಿಡುತ್ತದೆ. ಎರಡೂ ಕಡೆಯಿಂದ ಎಳೆದಾಗ ಬಿಗಿ ಬರುತ್ತದೆ, ಆಮೇಲೆ ಒಂದು ಈಚೆಗೆ, ಒಂದು ಆಚೆಗೆ ಹೋಗುತ್ತದೆ. ಕ್ರಾಸ್‌ಓವರ್ ಆಗದಿದ್ದರೆ ಎರಡೂ ಒಂದೇ ಕಡೆ ಹೋಗಿಬಿಡಬಹುದು.

ಇನ್ನು ಹುಳ. ಹೆಸರು ಸಿ. ಎಲಿಗನ್ಸ್. ಉದ್ದ ಸುಮಾರು 1 ಮಿಲಿಮೀಟರ್. ಕೊಳೆತ ಹಣ್ಣು, ಎಲೆಗಳ ನಡುವೆ ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಮೈ ಪೂರ್ತಿ ಪಾರದರ್ಶಕ. ಕ್ರೋಮೋಸೋಮ್ ಬರೀ 6 ಜೊತೆ. ಅದರ ಅಂಡಾಶಯ ಒಂದು ಕೊಳವೆ. ಒಂದು ತುದಿಯಲ್ಲಿ ಮಿಯಾಸಿಸ್ ಇನ್ನೂ ಶುರುವಾಗದ ಕೋಶಗಳು, ಇನ್ನೊಂದು ತುದಿಯಲ್ಲಿ ತಯಾರಾದ ಅಂಡಾಣುಗಳು, ನಡುವೆ ಎಲ್ಲ ಹಂತಗಳೂ ಸಾಲಾಗಿ. ಒಂದೇ ಹುಳದಲ್ಲಿ ಮಿಯಾಸಿಸ್ ಮೊದಲಿನಿಂದ ಕೊನೆಯವರೆಗೆ ಕಾಣಿಸುತ್ತದೆ. ಬಣ್ಣ ಹಾಕಿ ಕೊನೆಯ ಹಂತದ ಅಂಡಾಣು ನೋಡಿದರೆ 6 ಚುಕ್ಕೆ ಇರಬೇಕು. ಕ್ರಾಸ್‌ಓವರ್ ಆಗದಿದ್ದರೆ ಜೊತೆಗಳು ಬಿಟ್ಟುಹೋಗಿ 12 ಇರುತ್ತವೆ. ಎಣಿಸಲು ಬಂದರೆ ಸಾಕು, ತಪ್ಪು ಗೊತ್ತಾಗುತ್ತದೆ.

ಕ್ರಾಸ್‌ಓವರ್ ಆಗಬೇಕಾದರೆ ಮೊದಲು ಡಿಎನ್‌ಎ ತುಂಡಾಗಬೇಕು. ಕೋಶ ಇದನ್ನು ಬೇಕಂತಲೇ ಮಾಡುತ್ತದೆ. ಎಸ್‌ಪಿಒ-11 ಅನ್ನುವ ಪ್ರೋಟೀನು ಹಲವು ಕಡೆ ಕತ್ತರಿಸುತ್ತದೆ. ಆರ್‌ಎಡಿ-51 ಆ ತುದಿಗಳ ಮೇಲೆ ಕೂತು ರಿಪೇರಿ ಶುರು ಮಾಡಿಸುತ್ತದೆ. ಹೆಚ್ಚಿನ ಗಾಯಗಳು ಕ್ರಾಸ್‌ಓವರ್ ಇಲ್ಲದೆ ವಾಸಿಯಾಗುತ್ತವೆ. ಹುಳದಲ್ಲಿ ಸಾಮಾನ್ಯವಾಗಿ ಒಂದು ಜೊತೆಗೆ ಒಂದೇ ಕ್ರಾಸ್‌ಓವರ್. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಒಂದೇ ಅಂತ ಲೆಕ್ಕ ಇಡುವವರು ಯಾರು? ನನ್ನನ್ನು ಇದರಲ್ಲಿ ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ. ಕತ್ತರಿಸಿದ ಜಾಗಗಳಲ್ಲಿ ಮೊದಲು ಎಂಎಸ್‌ಎಚ್-5 ಮತ್ತು ಅದರ ಜೊತೆಗಾರ ಪ್ರೋಟೀನು ಸೇರುತ್ತವೆ. ಆಗ ಈ ಪ್ರೋಟೀನುಗಳ ಚುಕ್ಕೆಗಳು ಜಾಸ್ತಿ ಇರುತ್ತವೆ. ಹೋಗ್ತಾ ಹೋಗ್ತಾ ಕಡಿಮೆಯಾಗುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆನ್ ವಿಲ್ನೆವ್ ಅವರ ಗುಂಪು 2012ರಲ್ಲಿ, ಕ್ರಾಸ್‌ಓವರ್ ಆಗುವ ಜಾಗದಲ್ಲಿ ಕೂರುವ ಸಿಒಎಸ್‌ಎ-1 ಅನ್ನುವ ಪ್ರೋಟೀನನ್ನು ವಿವರಿಸಿತು. ಅದಕ್ಕೆ ಹೊಳೆಯುವ ಗುರುತು ಅಂಟಿಸಿ ನೋಡಿದರೆ ಪ್ರತಿ ಕೋಶಕೇಂದ್ರದಲ್ಲೂ 6 ಚುಕ್ಕೆ, ಜೊತೆಗೊಂದು. ಎಷ್ಟು ಸಲ ನೋಡಿದರೂ ನನಗೆ ಅದು ಹಳೆಯದಾಗಿಲ್ಲ.

ಜೊತೆಯ ಎರಡು ಕ್ರೋಮೋಸೋಮ್‌ಗಳ ನಡುವೆ ಉದ್ದಕ್ಕೂ ಎಸ್‌ವೈಪಿ ಪ್ರೋಟೀನುಗಳ ಪಟ್ಟಿ ಇರುತ್ತದೆ. ಇದು ಸುಮ್ನೆ ಅಂಟಿಸಲು ಇದೆ ಅಂತ ತಿಳಿಯುವುದು ಸುಲಭ. ಆದರೆ 2013ರಲ್ಲಿ ಅದೇ ಗುಂಪು ಈ ಪ್ರೋಟೀನನ್ನು ಸ್ವಲ್ಪ ಕಡಿಮೆ ಮಾಡಿ ನೋಡಿತು. ಕ್ರಾಸ್‌ಓವರ್‌ಗಳು ಹೆಚ್ಚಾದವು. ಅಂದರೆ ಒಂದು ಕಡೆ ಕ್ರಾಸ್‌ಓವರ್ ನಿಶ್ಚಯವಾದ ಮೇಲೆ ಪಕ್ಕದಲ್ಲಿ ಇನ್ನೊಂದು ಆಗದಂತೆ ತಡೆಯುವುದರಲ್ಲೂ ಆ ಪಟ್ಟಿಗೆ ಪಾಲಿದೆ. 2017ರಲ್ಲಿ ಬರ್ಕ್ಲಿಯ ಅಬಿ ಡರ್ನ್‌ಬರ್ಗ್ ಅವರ ಗುಂಪು ಈ ಪಟ್ಟಿ ಗಟ್ಟಿಯಲ್ಲ, ಒಳಗೆ ಪ್ರೋಟೀನುಗಳು ಓಡಾಡುವಷ್ಟು ದ್ರವದಂಥದ್ದು ಅಂತ ತೋರಿಸಿತು. ಅಲ್ಲಲ್ಲಿ ಇದ್ದ ಕ್ರಾಸ್‌ಓವರ್ ಪ್ರೋಟೀನುಗಳು ಪಟ್ಟಿಯೊಳಗೆ ಹರಿದು ಕೊನೆಗೆ ಒಂದೇ ಜಾಗದಲ್ಲಿ ಕೂಡಿಕೊಳ್ಳುತ್ತವೆ ಅನ್ನುವ ವಾದ ನನಗೆ ಒಪ್ಪಿಗೆಯಾಗುತ್ತದೆ.

ಇದರಿಂದ ಮನುಷ್ಯರಿಗೇನು? ಎಸ್‌ಪಿಒ-11, ಎಂಎಸ್‌ಎಚ್-5, ಸಿಒಎಸ್‌ಎ-1, ಇವುಗಳ ಸಂಬಂಧಿ ಪ್ರೋಟೀನುಗಳು ನಮ್ಮಲ್ಲೂ ಇವೆ. ಹೆಣ್ಣುಮಕ್ಕಳಲ್ಲಿ ಕ್ರಾಸ್‌ಓವರ್ ನಡೆಯುವುದು ಅವರು ಇನ್ನೂ ತಾಯಿಯ ಗರ್ಭದಲ್ಲಿರುವಾಗ. ಆಮೇಲೆ ಅಂಡಾಣುಗಳು ವರ್ಷಾನುಗಟ್ಟಲೆ ಅಲ್ಲಿಗೇ ನಿಂತಿರುತ್ತವೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪಿರುತ್ತದೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚು. ಅಂಥ ಎಷ್ಟೋ ಪ್ರಕರಣಗಳಲ್ಲಿ ಆ ಜೊತೆಯಲ್ಲಿ ಕ್ರಾಸ್‌ಓವರ್ ಆಗಿರುವುದೇ ಇಲ್ಲ, ಅಥವಾ ಆಗಬಾರದ ಜಾಗದಲ್ಲಿ ಆಗಿರುತ್ತದೆ. ನಮ್ಮ ಕಡೆ ಈಗಲೂ ಗರ್ಭ ನಿಲ್ಲದಿದ್ದರೆ ಪಪ್ಪಾಯಿ ತಿಂದಳು, ಬಸ್ಸಿನಲ್ಲಿ ಓಡಾಡಿದಳು ಅಂತ ಆ ಹೆಣ್ಣುಮಗಳನ್ನೇ ಅನ್ನುತ್ತಾರೆ. ಕ್ರೋಮೋಸೋಮ್ ಲೆಕ್ಕ ತಪ್ಪಿದ್ದಕ್ಕೆ ಅವಳು ತಿಂದದ್ದೂ ಕಾರಣವಲ್ಲ, ಓಡಾಡಿದ್ದೂ ಅಲ್ಲ. ನಾನು ಇದನ್ನು ಊರಲ್ಲಿ ಜಗಳ ಮಾಡಿಯಾದರೂ ಹೇಳುತ್ತೇನೆ.

ಹುಳದಿಂದ ಎಲ್ಲವೂ ತಿಳಿಯುವುದಿಲ್ಲ. ನಮ್ಮ ಉದ್ದನೆಯ ಕ್ರೋಮೋಸೋಮ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಕ್ರಾಸ್‌ಓವರ್ ಆಗುತ್ತವೆ. ತಾಯಿಯ ವಯಸ್ಸು ಏರಿದಂತೆ ತಪ್ಪುಗಳು ಯಾಕೆ ಹೆಚ್ಚುತ್ತವೆ ಅನ್ನುವುದಕ್ಕೂ ಕೆಲವೇ ವಾರ ಬದುಕುವ ಹುಳ ಸಾಲದು. ಕ್ರೋಮೋಸೋಮ್‌ಗಳನ್ನು ಹಿಡಿದಿಡುವ ಕೊಹೆಸಿನ್ ಪ್ರೋಟೀನು ವಯಸ್ಸಾದ ಅಂಡಾಣುಗಳಲ್ಲಿ ಕಡಿಮೆಯಾಗುವುದನ್ನು ಇಲಿಗಳಲ್ಲಿ ನೋಡಿದ್ದಾರೆ. ಅದಕ್ಕೇ ಆ ಪ್ರಶ್ನೆ ಕೇಳುವ ಹುಡುಗಿಯರಿಗೆ ನಾನು ಇಲಿಯ ಪ್ರಯೋಗಾಲಯ ಹುಡುಕಿಕೊಳ್ಳಿ ಅನ್ನುತ್ತೇನೆ.