ಕೇಸು ಕೊಟ್ಟವನು ನಾನೇ, ವಾಪಸ್ ಪಡೆಯಲು ಏಕೆ ಆಗದು?

ಬಾದಾಮಿಯ ಬನಶಂಕರಿ ಜಾತ್ರೆ ಮುಗಿದ ಮೇಲೆ ಬಾಗಲಕೋಟೆಯ ನನ್ನ ವಕೀಲಿ ಕಚೇರಿಗೆ ಜೋಡಿಗಳು ಬರತೊಡಗುತ್ತವೆ. ಮುಂಗಾರಿಗೆ ಮುಂಚೆ ಹೊಲ ಹರಗುವಾಗ ಬದುವಿಗಾಗಿ ಬಡಿದಾಡಿದ ದಾಯಾದಿಗಳು. ಜಾತ್ರೆಯಲ್ಲಿ ಎದುರಾಗಿರುತ್ತಾರೆ, ಹಿರಿಯರು ದೈವ, ಅಂದರೆ ಊರ ಪಂಚರ ಸಭೆ, ಕೂಡಿಸಿ ಕೈಕೈ ಹಿಡಿಸಿರುತ್ತಾರೆ. ಒಂದೇ ಬೈಕಿನಲ್ಲಿ ಬಂದು, ಒಂದೇ ಬೆಂಚಿನ ಮೇಲೆ ಕುಳಿತು ಕೇಳುತ್ತಾರೆ: “ಸಾಹೇಬರೇ, ಕೇಸು ಕೊಟ್ಟವನು ನಾನೇ. ಈಗ ನನಗೇ ಬೇಡವಾಗಿದೆ. ವಾಪಸ್ ಪಡೆಯಲು ಏಕೆ ಆಗುವುದಿಲ್ಲ?”

ಅದು ನಿಮ್ಮ ಕೇಸೇ ಅಲ್ಲ, ಅದಕ್ಕೆ.

ದೋಷಾರೋಪ ಪಟ್ಟಿಯನ್ನು ಅವರ ಕೈಗೆ ಕೊಡುತ್ತೇನೆ. ಮೇಲ್ಗಡೆ ‘ಕರ್ನಾಟಕ ರಾಜ್ಯ, ಇಂಥ ಪೊಲೀಸ್ ಠಾಣೆಯ ಮುಖಾಂತರ’ ಎಂದಿರುತ್ತದೆ. ಅದರ ಎದುರಾಳಿ ಆರೋಪಿ. ಫಿರ್ಯಾದಿ ಎಲ್ಲಿ? ಒಳಗಿನ ಪಟ್ಟಿಯಲ್ಲಿ, ಚಾ.ಸಾ.1, ಅಂದರೆ ಚಾರ್ಜ್‌ಶೀಟಿನ ಮೊದಲ ಸಾಕ್ಷಿ ಎಂದು. ತಲೆಗೆ ಎಂಟು ಹೊಲಿಗೆ ಹಾಕಿಸಿಕೊಂಡವನು ಬರೀ ಸಾಕ್ಷಿ! ಇದನ್ನು ಕೇಳಿ ಮುಖ ಸಿಂಡರಿಸದವರನ್ನು ನಾನು ಕಂಡಿಲ್ಲ.

ಬದುವನ್ನೇ ತೆಗೆದುಕೊಳ್ಳಿ. ಅದು ಯಾರದು ಎಂಬುದು ನಿಮ್ಮಿಬ್ಬರ ವ್ಯಾಜ್ಯ. ಗಡಿ ಅಳೆಸಿ ಹದ್ದುಬಸ್ತು ಮಾಡಿಸಿ, ಸಿವಿಲ್ ದಾವೆ ಹೂಡಿ, ಬೇಸರವಾದರೆ ಬಿಟ್ಟುಬಿಡಿ, ಯಾರೂ ಕೇಳುವುದಿಲ್ಲ. ಗೊತ್ತಿಲ್ಲದೆ ಎರಡು ಸಾಲು ಆಚೆ ಹರಗಿದ್ದರೆ ಅದು ತಪ್ಪೇ ಹೊರತು ಅಪರಾಧವಲ್ಲ. ಆದರೆ ನೋಯಿಸಬೇಕೆಂದೇ ಕೊಡಲಿ ಎತ್ತಿದ ಕ್ಷಣಕ್ಕೆ ಊರಿಗೆ ಊರೇ ಪಕ್ಷಗಾರನಾಗುತ್ತದೆ. ಇಂದು ನಿಮ್ಮ ತಲೆ ಒಡೆದವನು ನಾಳೆ ಇನ್ನೊಬ್ಬನ ತಲೆ ಒಡೆಯಬಾರದಲ್ಲ.

ಕಾನೂನು ಎಲ್ಲ ಕಾಲದಲ್ಲೂ ಹೀಗೆ ಇರಲಿಲ್ಲ. ಬಂಗಾಳದಲ್ಲಿ ನವಾಬರ ಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಕೊಲೆಯಾದವನ ವಾರಸುದಾರರು ಕೊಲೆಗಾರನನ್ನು ಕ್ಷಮಿಸಬಹುದಿತ್ತು, ಪರಿಹಾರ ಪಡೆದು ಬಿಡಬಹುದಿತ್ತು. 1790ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆ ಅಧಿಕಾರವನ್ನು ಕಿತ್ತುಕೊಂಡ. 1860ರ ದಂಡ ಸಂಹಿತೆ ಇದೇ ಜಾಡಿನದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು, 511 ಕಲಮುಗಳು 358ಕ್ಕೆ ಇಳಿದರೂ ಮೂಲ ಲೆಕ್ಕಾಚಾರ ಬದಲಾಗಿಲ್ಲ.

ಹಾಗೆಂದು ರಾಜಿಗೆ ಬಾಗಿಲೇ ಇಲ್ಲವೆಂದಲ್ಲ. ಕ್ರಿಮಿನಲ್ ಪ್ರಕರಣ ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ ಒಂದು ಕೋಷ್ಟಕವಿದೆ. ಅಪಾಯಕಾರಿ ಆಯುಧ ಬಳಸದೆ ಮಾಡಿದ ಸಾಧಾರಣ ಗಾಯವಾದರೆ ಗಾಯಗೊಂಡವನೇ ರಾಜಿ ಮಾಡಿಕೊಳ್ಳಬಹುದು, ಆರೋಪಿ ಖುಲಾಸೆಯಾದಂತೆಯೇ. ಅಂಥ ಆಯುಧವಿಲ್ಲದೆಯೇ ಮೂಳೆ ಮುರಿದಿದ್ದರೆ ಅದು ತೀವ್ರ ಗಾಯ, ರಾಜಿಗೆ ನ್ಯಾಯಾಲಯದ ಅನುಮತಿ ಬೇಕು. ಕೊಲೆ, ಕೊಲೆಯತ್ನ ಆ ಕೋಷ್ಟಕದಲ್ಲೇ ಇಲ್ಲ. ಕೋಷ್ಟಕದಲ್ಲಿಲ್ಲದ ಕೆಲವನ್ನು ಹೈಕೋರ್ಟ್ ತನ್ನ ವಿಶೇಷ ಅಧಿಕಾರದಿಂದ ರದ್ದು ಮಾಡಬಹುದು; ಕೊಲೆ, ಅತ್ಯಾಚಾರದಂಥವುಗಳಿಗೆ ಅದು ಸಲ್ಲದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ನಾವು ಅದಕ್ಕಾಗಿ ಧಾರವಾಡ ಪೀಠಕ್ಕೆ ಹೋಗಬೇಕು, ಪಕ್ಕದ ವಿಜಯಪುರದವರು ಕಲಬುರಗಿಗೆ.

‘ಅನುಮತಿ ಏಕೆ? ನೋವು ನನ್ನದಲ್ಲವೇ?’ ಎಂಬ ಮರುಪ್ರಶ್ನೆಯೂ ಬರುತ್ತದೆ. ಅದಕ್ಕೆ ಉತ್ತರ ನನಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ವರ್ಷಗಳ ಹಿಂದೆ ಕಬ್ಬು ಕಟಾವಿಗೆ ಬಂದ ಕೂಲಿಯವನೊಬ್ಬನ ಕೈ ಮುರಿದಿದ್ದ ಜಮೀನುದಾರನ ಪರ ನಾನು ವಕೀಲನಾಗಿದ್ದೆ. ರಾಜಿ ಅರ್ಜಿಗೆ ಕೂಲಿಯವನು ಹೆಬ್ಬೆಟ್ಟು ಒತ್ತಿದ್ದ. ನ್ಯಾಯಾಧೀಶರು ಅವನೊಬ್ಬನನ್ನೇ ಹತ್ತಿರ ಕರೆದು, ಏನು ಕೊಟ್ಟರು ಎಂದು ಕೇಳಿದರು. “ಏನೂ ಇಲ್ಲ. ಅವರ ಮುಂಗಡ ಇನ್ನೂ ತೀರಿಲ್ಲ” ಎಂದ. ಅರ್ಜಿ ಅಲ್ಲೇ ವಜಾ. ಫೀಸು ಪಡೆದ ಪ್ರಕರಣದಲ್ಲಿ ಸೋತು ಹಗುರಾಗಿ ಮನೆಗೆ ಹೋದದ್ದು ಅದೊಂದೇ ಸಲ.

ಆದರೂ ಒಂದು ಮುಳ್ಳು ಉಳಿದಿದೆ. ರಾಜಿಗೆ ಬಾರದ ಪ್ರಕರಣದಲ್ಲಿ ನಿಜವಾಗಿಯೇ ಒಂದಾದವರು ಏನು ಮಾಡುತ್ತಾರೆ? ಕಟಕಟೆ ಹತ್ತಿ, ಪ್ರಮಾಣ ಮಾಡಿ, ಹೊಡೆದವರು ಯಾರೆಂದು ನೋಡಲಿಲ್ಲ ಎನ್ನುತ್ತಾರೆ. ಸರ್ಕಾರಿ ಅಭಿಯೋಜಕರು ಪ್ರತಿಕೂಲ ಸಾಕ್ಷಿ ಎಂದು ಬರೆಸುತ್ತಾರೆ. ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಈ ಸುಳ್ಳನ್ನು ಹೇಳಿಕೊಡಿ ಎಂದು ಕೇಳಿಕೊಂಡು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ. ಅವರು ಹೋಗಿ ಬೇರೆ ಕಡೆ ಕಲಿತಿದ್ದಾರೆ.

ಈಗ ಜೋಡಿ ಬಂದು ಕುಳಿತರೆ ದೈವದವರು ಬರೆಸಿದ ರಾಜಿಪತ್ರವನ್ನು ನಾನು ಬಿಡಿಸಿಯೂ ನೋಡುವುದಿಲ್ಲ. ವೈದ್ಯರು ಕೊಟ್ಟ ಗಾಯದ ಪ್ರಮಾಣಪತ್ರ ತಂದಿದ್ದೀರಾ ಎಂದು ಕೇಳುತ್ತೇನೆ. ಮೂಳೆ ಮುರಿದಿದೆಯೋ ಇಲ್ಲವೋ, ಅದು ಮೊದಲು ಗೊತ್ತಾಗಲಿ.